ಒಂದು ಬೆರಳು ನೀರು

ನನ್ನ ಅಂಗಡಿಯ ಬೋರ್ಡಿನ ಮೇಲೆ ಬಾಯಿ ತೆರೆದ ಒಂದು ಕತ್ತರಿಯ ಚಿತ್ರವಿದೆ. ಬಾಯಿ ತೆರೆದ ಕತ್ತರಿ ಜಗಳ ತರುತ್ತದೆ ಎಂದು ನನ್ನ ತಾಯಿ ಅದನ್ನು ಮುಚ್ಚಿಸಲು ಬಹಳ ಒದ್ದಾಡಿದಳು. ಬರೆಯುತ್ತಿದ್ದವರು ಏಣಿಯಿಂದ ಇಳಿಯಲೂ ಇಲ್ಲ. "ಮುಚ್ಚಿದ ಕತ್ತರಿ ಏನ್ ಕೆಲಸ ಮಾಡ್ತೈತಿ ಯಮ್ಮಾ?" ಎಂದು ಕೇಳಿ ಮುಂದಿನ ಅಕ್ಷರಕ್ಕೆ ಕೈ ಹಾಕಿದರು. ಅದಾಗಿ ಇಪ್ಪತ್ತು ವರ್ಷದ ಮೇಲಾಯಿತು. ಜಗಳಗಳೇನೋ ಆಗಿವೆ, ಆದರೆ ಅದಕ್ಕೆ ಕಾರಣ ಕತ್ತರಿಯ ಬಾಯಲ್ಲ, ನನ್ನ ಬಾಯಿ. ರಾಯದುರ್ಗದ ಬಜಾರಿನಲ್ಲಿ ಕೈಯಿಂದ ಬರೆದ ಬೋರ್ಡು ಈಗ ನನ್ನದೊಂದೇ ಉಳಿದಿರಬೇಕು, ಮಿಕ್ಕಿದ್ದೆಲ್ಲ ಫ್ಲೆಕ್ಸ್. ಅದನ್ನು ಬರೆದವರು ಎರಡು ತಿಂಗಳ ಹಿಂದೆ ತೀರಿಕೊಂಡರು.

ಅವರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಊರಿಗೆಲ್ಲ ಅವರು ಆರ್ಟಿಸ್ಟ್, ನನಗೆ ಆರ್ಟಿಸ್ಟರು. ಅವರಿಗೆ ನಾನು ಮಾಸ್ತರ. ನಮ್ಮೂರಲ್ಲಿ ಹೊಲಿಗೆಯವರನ್ನು ಮಾಸ್ತರ ಎನ್ನುತ್ತಾರೆ. ಮನೆಮನೆಯಲ್ಲೂ ಜೀನ್ಸ್ ಪ್ಯಾಂಟು ಹೊಲಿಯುವುದರಿಂದ ನಮ್ಮಲ್ಲಿ ಶಾಲೆಯಲ್ಲಿರುವುದಕ್ಕಿಂತ ಹೊರಗೇ ಮಾಸ್ತರರು ಜಾಸ್ತಿ. ಅಂಗಡಿಯ ಬೋರ್ಡುಗಳ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಸಹಿ ಹಾಕುತ್ತಿದ್ದ ಈ ಮನುಷ್ಯ, ತನ್ನ ಜೀವಮಾನದ ದೊಡ್ಡ ಕೆಲಸದ ಮೇಲೆ ಎಲ್ಲಿಯೂ ಹೆಸರು ಹಾಕಲಿಲ್ಲ. ಯಾಕೆಂದು ಒಮ್ಮೆ ಕೇಳಿದ್ದೆ. ಬೇರೆಯವರ ದೇವರ ನೀರಿನಲ್ಲಿ ನನ್ನ ಹೆಸರು ಯಾಕೆ ಎಂದಿದ್ದರು.

ಆ ದೊಡ್ಡ ಕೆಲಸ ಯಾವುದೆಂದರೆ ಹೊಳೆ ಬರೆಯುವುದು. ನಮ್ಮ ಕಡೆಯ ಊರುಗಳಲ್ಲಿ ಸಣ್ಣಸಣ್ಣ ಚರ್ಚುಗಳಿವೆ. ಅವುಗಳಲ್ಲಿ ದೀಕ್ಷಾಸ್ನಾನಕ್ಕೆಂದು ಒಂದು ಸಿಮೆಂಟಿನ ತೊಟ್ಟಿ ಕಟ್ಟಿಸುತ್ತಾರೆ. ಸೊಂಟದ ಮಟ್ಟಕ್ಕೆ ನೀರು ತುಂಬಿಸಿ, ಪಾಸ್ಟರೂ ದೀಕ್ಷೆ ಪಡೆಯುವವರೂ ಇಬ್ಬರೇ ಮೆಟ್ಟಿಲಿಳಿದು ಒಳಗೆ ನಿಲ್ಲುತ್ತಾರೆ. ಪಾಸ್ಟರು ಅವರನ್ನು ಒಮ್ಮೆ ಪೂರ್ತಿ ಮುಳುಗಿಸಿ ಎತ್ತುತ್ತಾರೆ. ಯೇಸು ಮುಳುಗೆದ್ದ ಯೊರ್ದನ್ ಹೊಳೆಯ ನೆನಪಿಗೆ ತೊಟ್ಟಿಯ ಹಿಂದಿನ ಗೋಡೆಯ ಮೇಲೆ ಹೊಳೆಯ ಚಿತ್ರ ಬರೆಸುತ್ತಾರೆ. ಫ್ಲೆಕ್ಸ್ ಬಂದು ಬೋರ್ಡು ಬರೆಯುವವರ ಅನ್ನ ಕಿತ್ತುಕೊಂಡ ಹೊತ್ತಿನಲ್ಲಿ ಒಂದು ಚರ್ಚಿನವರು ಹೊಳೆಯನ್ನೂ ಫ್ಲೆಕ್ಸಿನಲ್ಲೇ ಮಾಡಿಸಿ ಅಂಟಿಸಿದರು. ತೇವಕ್ಕೆ ಎರಡೇ ತಿಂಗಳಲ್ಲಿ ಹೊಳೆಗೆ ಬೂಸರು ಬಂದು ದಡ ಸಮೇತ ಕಳಚಿ ಬಿತ್ತು. ಆಗ ಆರ್ಟಿಸ್ಟರನ್ನು ಹುಡುಕಿಕೊಂಡು ಬಂದರು. ಶನಿವಾರ ನೇಮಕಲ್ಲಿನ ಆಂಜನೇಯನಿಗೆ ಕೈಮುಗಿದು ಬಂದು, ಸೋಮವಾರ ಯೊರ್ದನ್ ಬರೆಯಲು ಹೊರಟರು.

ಯೊರ್ದನ್ನನ್ನು ಅವರೇನು ಕಂಡಿದ್ದರೇ? ಅವರಿಗೆ ಗೊತ್ತಿದ್ದ ಹೊಳೆ ಒಂದೇ, ನಮ್ಮ ಹಗರಿ. ಅದರಲ್ಲಿ ನೀರಿಗಿಂತ ಮರಳು ಕಂಡ ದಿನಗಳೇ ಹೆಚ್ಚು. ಚಿಕ್ಕಂದಿನಲ್ಲಿ ಒಂದೇ ಒಂದು ಸಲ ದಡ ಮುಟ್ಟಿ ಹರಿದದ್ದನ್ನು ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದರಂತೆ. ಆ ಒಂದು ದಿನದ ಹಗರಿಯನ್ನೇ ಹತ್ತು ಊರಿನ ಗೋಡೆಗಳ ಮೇಲೆ ಹರಿಸಿದರು. ಎಡಕ್ಕೆ ನಮ್ಮ ದುರ್ಗದ ಬೆಟ್ಟ, ಬಂಡೆಗಳು, ಜಾಲಿಮರ. ಪಾಸ್ಟರೊಬ್ಬರು ಹಸಿರು ಹುಲ್ಲಿನ ಮೇಲೆ ಹಾಲಿನಂಥ ಕುರಿಗಳಿದ್ದ ಕ್ಯಾಲೆಂಡರು ಕೊಟ್ಟು ಹೀಗೇ ಇರಲಿ ಎಂದಿದ್ದರು. ಇವರು ನಮ್ಮ ಕರಿ ಕುರಿಗಳನ್ನೇ ಬರೆದಿಟ್ಟರು. ಬಿಳಿ ಕುರಿಯ ಮುಖ ನಾನು ನೋಡಿಲ್ಲ ಎಂದು ವಾದ ಮಾಡಿ, ಕೊನೆಗೆ ಪಾಸ್ಟರ ಮಾತಿಗೆ ಬೆಲೆ ಕೊಟ್ಟು ಒಂದೇ ಒಂದು ಬಿಳಿ ಕುರಿ ಬರೆದರು. ಅದರ ಮುಖ ಪೊದೆಯೊಳಗಿತ್ತು.

ಮನುಷ್ಯರನ್ನು ಮಾತ್ರ ಅವರು ಬರೆಯುತ್ತಿರಲಿಲ್ಲ. ಯೇಸು ಬೇಡವೇ, ಯೋಹಾನ ಬೇಡವೇ ಎಂದು ಕೇಳಿದವರಿಗೆ ಒಂದೇ ಉತ್ತರ. "ಮನುಷ್ಯಾರು ನೀರಾಗ ಇಳೀತಾರಲ್ರಿ. ಅವರು ಬಂದು ನಿಂತ ಮ್ಯಾಲೆ ಚಿತ್ರ ಮುಗೀತೈತಿ."

ಅವರ ಹೆಚ್ಚುಗಾರಿಕೆ ಇದ್ದದ್ದು ಬೆಟ್ಟದಲ್ಲೂ ಅಲ್ಲ, ಕುರಿಯಲ್ಲೂ ಅಲ್ಲ, ಒಂದು ಗೆರೆಯಲ್ಲಿ. ತೊಟ್ಟಿಯ ನೀರು ಮುಗಿಯುವ ಕಡೆಯೇ ಗೋಡೆಯ ಹೊಳೆ ಶುರುವಾಗಬೇಕು, ಯಾವುದು ನೀರು ಯಾವುದು ಬಣ್ಣ ಎಂದು ನೋಡುವವರಿಗೆ ತಿಳಿಯಬಾರದು. ಅದಕ್ಕಾಗಿ ಮೊದಲು ತೊಟ್ಟಿ ತುಂಬಿಸಿ, ನೀರಿನ ಮಟ್ಟವನ್ನು ಗೋಡೆಯ ಎರಡು ತುದಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ನನ್ನ ಅಂಗಡಿಯಿಂದ ಒಯ್ದ ದಾರಕ್ಕೆ ನೀಲಿ ಪುಡಿ ಹಚ್ಚಿ, ಇಬ್ಬರು ಎರಡು ತುದಿ ಹಿಡಿದು ಎಳೆದು ಟಪ್ಪೆಂದು ಬಿಡುವುದು. ಗೋಡೆಯ ಮೇಲೆ ನೀಲಿ ಗೆರೆ ಮೂಡುತ್ತದೆ. ಆಮೇಲೆ ನೀರು ಹೊರಗೆ ಬಿಟ್ಟು, ತೊಟ್ಟಿ ಒಣಗಿಸಿ, ಆ ಗೆರೆಯಿಂದ ಮೇಲಕ್ಕೆ ಹೊಳೆ ಬರೆಯುವುದು.

ಮೊದಲ ಸಲ ಇದರಲ್ಲಿ ಭಾರೀ ಎಡವಟ್ಟು ಮಾಡಿಕೊಂಡರು. ಡಿ. ಹಿರೇಹಾಳ್ ಕಡೆಯ ಒಂದು ಚರ್ಚು. ಖಾಲಿ ತೊಟ್ಟಿಗೆ ನೀರು ತುಂಬಿಸಿ ಗೆರೆ ಹೊಡೆದು ಬಹಳ ಚಂದವಾಗಿ ಬರೆದು ಬಂದರು. ತೊಟ್ಟಿಯ ಪ್ರಾರಂಭದ ದಿನ ಪಾಸ್ಟರೂ ಒಬ್ಬ ಜೋರಾದ ಆಳೂ ನೀರಿಗಿಳಿದರು. ಇಬ್ಬರ ಮೈ ಒಳಗೆ ಹೋದ ಮೇಲೆ ನೀರು ಸುಮ್ಮನಿರುತ್ತದೆಯೇ? ಮೇಲೇರಿತು. ದಡದ ಅಂಚಿನಲ್ಲಿ ನೀರು ಕುಡಿಯುತ್ತಿದ್ದ ಕರಿ ಕುರಿಯ ಕಾಲುಗಳು ಮುಳುಗಿಹೋದವು. ಕುರಿಗೂ ದೀಕ್ಷೆ ಆಯಿತು ಎಂದು ಜನ ನಕ್ಕರಂತೆ. ಇವರು ಮರುದಿನವೇ ಹೋಗಿ ಅಷ್ಟನ್ನೂ ಅಳಿಸಿ ಎರಡು ಬೆರಳು ಮೇಲಕ್ಕೆ ಬರೆದರು. ಆಮೇಲೆ ಅದೇ ಅವರ ಪದ್ಧತಿಯಾಯಿತು. ಇಬ್ಬರನ್ನು ನೀರಲ್ಲಿ ನಿಲ್ಲಿಸಿಯೇ ಗೆರೆ ಹೊಡೆಯುವುದು. ಯಾರೂ ಇಳಿಯದಿದ್ದಾಗ ನೀರಿಗೂ ಹೊಳೆಗೂ ನಡುವೆ ಎರಡು ಬೆರಳಿನಷ್ಟು ಬಿಳಿ ಗೋಡೆ ಕಾಣುತ್ತದೆ. ಪಾಸ್ಟರು ಇಳಿದರೆ ಒಂದು ಬೆರಳು ತುಂಬುತ್ತದೆ, ದೀಕ್ಷೆಯವರು ಇಳಿದರೆ ಇನ್ನೊಂದು. ಆಗ ಹೊಳೆ ಕೂಡುತ್ತದೆ.

"ಮನುಷ್ಯ ಅಂದ್ರ ಒಂದು ಬೆರಳು ನೀರು ಮಾಸ್ತರ. ದಪ್ಪ ಇರ್ಲಿ ತೆಳ್ಳಗಿರ್ಲಿ, ಹೆಚ್ಚುಕಮ್ಮಿ ಅಷ್ಟೇ" ಎನ್ನುತ್ತಿದ್ದರು. ಚಹಾ ಬಂದರೆ ಗ್ಲಾಸಿನ ಹೊರಗೆ ಬೆರಳು ಅಡ್ಡ ಹಿಡಿದು ನೋಡಿ, ಇವತ್ತು ಒಬ್ಬ ಮನುಷ್ಯ ಕಮ್ಮಿ ಬಿದ್ದಾನೆ ಎಂದು ಚಹಾದವನನ್ನು ಕೆಣಕುತ್ತಿದ್ದರು.

ಅವರ ಹೆಂಡತಿಯನ್ನು ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಮಡಕಶಿರಾ ಕಡೆಯವರು, ಅಮರಾಪುರದ ಹತ್ತಿರದ ಹಳ್ಳಿ. ಮಕ್ಕಳಿರಲಿಲ್ಲ. ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾಲ್ಕು ಮಿಷನ್ನುಗಳಿವೆ. ಅಲ್ಲಿ ಹೊಲಿದು ಬಿದ್ದ ಪ್ಯಾಂಟುಗಳ ದಾರದ ತುದಿ ಕತ್ತರಿಸುವ ಕೆಲಸ ಅಕ್ಕನದು. ಬಾಗಿಲಿನ ಬೆಳಕಿಗೆ ಕೂತು, ಬೆರಳಿಗೆ ಸಿಕ್ಕಿಸಿದ ಪುಟ್ಟ ಕತ್ತರಿಯಿಂದ ಕಟಕಟ ಎಂದು ಕತ್ತರಿಸುತ್ತಿದ್ದರು. ಸಂಜೆಗೆ ಗಂಡ ಬಂದರೆ ಅವರ ಅಂಗಿಯ ಎಡತೋಳು ನೋಡುತ್ತಿದ್ದರು. ಬ್ರಶ್ಶನ್ನು ಆ ತೋಳಿಗೆ ಒರೆಸುವ ಚಟ ಅವರಿಗೆ. "ಇವತ್ತು ಬೆಟ್ಟ ಬರೆದವ್ರೆ" ಎಂದೋ "ಇವತ್ತು ಬರೀ ಆಕಾಶ" ಎಂದೋ ತೋಳು ನೋಡಿಯೇ ಹೇಳಿಬಿಡುತ್ತಿದ್ದರು.

ಎರಡನೆಯ ಬಸಿರೂ ನಿಲ್ಲದ ಆ ವರ್ಷ ಅಕ್ಕ ಮಡಕಶಿರಾದಲ್ಲಿದ್ದ ತಂಗಿಯ ಮನೆಗೆ ಹೋಗಿದ್ದರು. ತಂಗಿಯ ಮನೆಯವರು ಆಗಲೇ ಚರ್ಚಿಗೆ ಸೇರಿದ್ದರು. ಭಾನುವಾರ ತಂಗಿಯ ಜೊತೆ ಹೋಗಿ ಹಿಂದೆ ಕೂತು ಅತ್ತರಂತೆ. ಯಾಕೆ ಅಳ್ತೀಯಾ ಎಂದು ಅಲ್ಲಿ ಯಾರೂ ಕೇಳಲಿಲ್ಲ, ಸುಮ್ಮನಿರು ಎಂದೂ ಯಾರೂ ಹೇಳಲಿಲ್ಲ. ಅದು ತಮಗೆ ಹಿಡಿಸಿತು ಎಂದು ಅಕ್ಕ ನನಗೆ ಹೇಳಿದ್ದರು. ಅಂದಿನಿಂದ ಅವರ ಮನಸ್ಸು ಅಲ್ಲಿಯದೇ ಆಯಿತು. ಆರ್ಟಿಸ್ಟರು ಬೇಡವೆನ್ನಲಿಲ್ಲ. ಬೈಬಲ್ಲಿಗೆ ಹೊದಿಕೆ ಬೇಕೆಂದು ನನ್ನ ಹತ್ತಿರ ಜೀನ್ಸಿನ ತುಂಡು ಕೇಳಿ ಹೊಲಿಸಿಕೊಂಡು ಹೋದವರು ಅವರೇ.

ಮಡಕಶಿರಾದ ಆ ಚರ್ಚು ತೊಟ್ಟಿ ಕಟ್ಟಿಸಿದಾಗ ಹೊಳೆ ಬರೆಯಲು ಇವರಿಗೇ ಹೇಳಿದರು. ಅಕ್ಕನ ಸಂಭ್ರಮ ಏನು ಹೇಳಲಿ. ದೀಕ್ಷೆ ಪಡೆಯುವುದಾದರೆ ಅಲ್ಲೇ, ಗಂಡ ಬರೆದ ಹೊಳೆಯ ಮುಂದೆಯೇ ಎಂದು ನಿಶ್ಚಯ ಮಾಡಿಕೊಂಡರು. ಗೆರೆ ಹೊಡೆಯುವ ದಿನ ಆರ್ಟಿಸ್ಟರು ನನ್ನನ್ನೂ ಎಳೆದುಕೊಂಡು ಹೋದರು. ದಾರ ನಿಮ್ಮದು, ಹಿಡಿಯಲಿಕ್ಕೂ ನೀವೇ ಬನ್ನಿ ಎಂದರು. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಮೂವರೂ ಹೋದೆವು. ತೊಟ್ಟಿಗೆ ನೀರು ತುಂಬಿತ್ತು. ನೀರೊಳಗೆ ನಿಲ್ಲಲು ಇಬ್ಬರು ಬೇಕು. ಆರ್ಟಿಸ್ಟರು ಪಂಚೆ ಮೇಲೆತ್ತಿ ಕಟ್ಟಿ ಇಳಿದರು. ಇನ್ನೊಬ್ಬರು ಯಾರು ಎಂದು ನಾವು ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ಅಕ್ಕ ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಇಳಿದುಬಿಟ್ಟರು. ಒಂದು ತುದಿಯಲ್ಲಿ ನಾನು, ಇನ್ನೊಂದು ತುದಿಯಲ್ಲಿ ಅಕ್ಕನ ತಂಗಿ ದಾರ ಹಿಡಿದೆವು. ಗಂಡ ಹೆಂಡತಿ ಸೊಂಟಮಟ್ಟದ ನೀರಲ್ಲಿ ಅಲುಗಾಡದೆ ನಿಂತಿದ್ದರು. ನೀರಿನ ಅಲೆ ನಿಲ್ಲುವವರೆಗೆ ಕಾಯಬೇಕಲ್ಲ. ಅಷ್ಟು ಹೊತ್ತೂ ಅಕ್ಕ ಗಂಡನ ಮುಖ ನೋಡುತ್ತಿದ್ದರು, ಅವರು ಮಾತ್ರ ಗೋಡೆ ನೋಡುತ್ತಿದ್ದರು. ದಾರ ಬಿಟ್ಟೆವು. ಗೆರೆ ಬಿತ್ತು.

ಚಿತ್ರ ಮುಗಿದು ಬಣ್ಣ ಆರಿದ ಮೇಲೆ ಅಕ್ಕನದೇ ಮೊದಲ ದೀಕ್ಷೆ ಎಂದು ಪಾಸ್ಟರು ಮಾತು ಕೊಟ್ಟರು. ಇಳಿವಯಸ್ಸಿನ ಮನುಷ್ಯ, ಮೆಲುಮಾತಿನವರು. ಎಂಟು ದಿನದ ಕೆಲಸ ಎಂದು ಎಲ್ಲರೂ ಅಂದುಕೊಂಡೆವು.

ಎರಡು ವರ್ಷವಾದರೂ ಅದು ಮುಗಿಯಲಿಲ್ಲ. ಮೊದಲು ಗೋಡೆ ಉಪ್ಪು ಬಿಡುತ್ತಿದೆ ಎಂದರು. ಆಮೇಲೆ ಮಳೆಗಾಲ, ಬಣ್ಣ ಹಿಡಿಯುವುದಿಲ್ಲ ಎಂದರು. ಬೆಟ್ಟವನ್ನು ಮೂರು ಸಲ ಅಳಿಸಿ ಬರೆದರು. ಕೊನೆಗೆ ಎಲ್ಲ ಮುಗಿದು ಒಂದು ಕುರಿಯ ಕಾಲು ಉಳಿಯಿತು. ಆ ಕಾಲು ಸರಿ ಬರುತ್ತಿಲ್ಲ, ಬರುತ್ತಿಲ್ಲ ಎಂದು ತಿಂಗಳುಗಟ್ಟಲೆ ತಳ್ಳಿದರು. ಕಣ್ಣುಮುಚ್ಚಿ ಕುರಿ ಬರೆಯುವ ಮನುಷ್ಯ. ಒಂದು ದಿನ ಅಂಗಡಿಯಲ್ಲಿ ಯಾರೂ ಇಲ್ಲದಾಗ, ಏನ್ರಿ ಇದು, ಕುರಿಗೆ ಎಷ್ಟು ಕಾಲು ಬರೀತಿದ್ದೀರಿ ಎಂದು ಕೇಳಿಯೇಬಿಟ್ಟೆ.

ಅವರು ಚಹಾದ ಗ್ಲಾಸು ಕೆಳಗಿಟ್ಟು ಹೂಳುವ ಮಣ್ಣಿನ ಮಾತು ತೆಗೆದರು. ನಮ್ಮೂರಲ್ಲಿ ಅವರ ಜನರ ಮಣ್ಣಿನ ಜಾಗ ಕೆರೆಯ ಹಿಂದಿದೆ. ಅವರ ಅಪ್ಪ ಅಮ್ಮ ಅಲ್ಲೇ ಅಕ್ಕಪಕ್ಕ ಮಲಗಿದ್ದಾರೆ. ಅವರ ಕಾಲಬುಡದಲ್ಲಿ ಇಬ್ಬರಿಗಾಗುವಷ್ಟು ಜಾಗವಿದೆ. ದೀಕ್ಷೆ ಪಡೆದವರದು ಬೇರೆ, ಅವರಿಗೆ ಚರ್ಚಿನವರ ಸಮಾಧಿ ತೋಟ.

"ಅಕಿ ನೀರಿಗಿಳಿದ್ರ ಅಕಿ ಮಣ್ಣು ಬ್ಯಾರೆ, ನನ್ನ ಮಣ್ಣು ಬ್ಯಾರೆ ಮಾಸ್ತರ" ಎಂದರು. "ಮಕ್ಕಳಿಲ್ಲ ಮರಿಯಿಲ್ಲ. ಇದ್ದಾಕಿ ಅಕಿ ಒಬ್ಬಾಕಿ. ಸತ್ತ ಮ್ಯಾಲೂ ಒಬ್ಬನೇ ಬೀಳ್ಲೇನು?"

ಹಾಗಾದರೆ ನೀವೂ ಇಳಿಯಿರಿ, ಇಬ್ಬರೂ ಒಂದೇ ತೋಟಕ್ಕೆ ಹೋಗಿ ಎಂದೆ. ನನಗೆ ಅದು ಬಹಳ ಸುಲಭದ ದಾರಿಯಾಗಿ ಕಂಡಿತ್ತು. ಅವರು ತಲೆಯಾಡಿಸಿದರು. "ಆ ನಂಬಿಕಿ ನನ್ನೊಳಗ ಹುಟ್ಟಿಲ್ರಿ. ನಂಬಿಕಿ ಇಲ್ದಾಂವ ಇಳಿದ್ರ ಅದು ಬರೇ ಜಳಕ. ಅಕಿ ಮುಂದ ಅಂಥಾ ಸುಳ್ಳು ಜಳಕ ನಾ ಮಾಡಂಗಿಲ್ಲ."

ನೋಡಿ, ಎಂಥ ಪ್ರಾಮಾಣಿಕ ಮನುಷ್ಯ. ದೇವರ ಮುಂದೆ ಸುಳ್ಳು ಜಳಕ ಮಾಡಲೊಲ್ಲ, ಆದರೆ ಹೆಂಡತಿಯ ಮುಂದೆ ಎರಡು ವರ್ಷ ಕುರಿಯ ಕಾಲಿನ ಸುಳ್ಳು ಹೇಳಬಲ್ಲ. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅಯ್ಯೋ ಪಾಪ ಎನಿಸಿತು. ಆ ಅಯ್ಯೋಪಾಪವೇ ನನ್ನಿಂದ ಒಂದು ತಪ್ಪು ಮಾಡಿಸಿತು.

ಮಡಕಶಿರಾದ ಪಾಸ್ಟರು ಒಂದು ಮಧ್ಯಾಹ್ನ ನನಗೆ ಫೋನು ಮಾಡಿದರು. ಆರ್ಟಿಸ್ಟ್ ಅಣ್ಣ ಫೋನು ಎತ್ತುತ್ತಿಲ್ಲ, ಯಾವಾಗ ಬರುತ್ತಾರೆ ಎಂದು ವಿಚಾರಿಸಿದರು. ನಾನು, ನಮ್ಮ ಅಂಗಡಿಯ ಗೋಡೆಗಳ ಮೇಲೆಲ್ಲ ಬರೆಯುವ ಕೆಲಸ ಕೊಟ್ಟಿದ್ದೇನೆ, ಇನ್ನೊಂದು ತಿಂಗಳು ಅವರನ್ನು ಬಿಡಲಾಗುವುದಿಲ್ಲ, ತಪ್ಪು ನನ್ನದೇ ಎಂದು ಹೇಳಿದೆ. ಹೇಳಿ ಮುಗಿಸಿ ತಿರುಗಿದರೆ ಬಾಗಿಲಲ್ಲಿ ಅಕ್ಕ ದಾರ ಕತ್ತರಿಸುತ್ತ ಕೂತಿದ್ದಾರೆ. ಅವರು ಅಲ್ಲಿರುವುದು ನನಗೆ ಮರೆತೇಹೋಗಿತ್ತು. ಅಕ್ಕ ತಲೆ ಎತ್ತಿ ನನ್ನ ಬರಿಯ ಗೋಡೆಗಳನ್ನು ಒಂದೊಂದಾಗಿ ನೋಡಿದರು. ನಾಲ್ಕು ಗೋಡೆ, ಒಂದರ ಮೇಲೂ ಒಂದು ಅಕ್ಷರವಿಲ್ಲ. ಮತ್ತೆ ತಲೆ ತಗ್ಗಿಸಿ ಕತ್ತರಿಸತೊಡಗಿದರು.

ಸ್ವಲ್ಪ ಹೊತ್ತಾದ ಮೇಲೆ ಅವರೇ ಮಾತಾಡಿದರು. "ನಂಗೆ ಗೊತ್ತೈತೆ ಕಣಣ್ಣ, ಯಾಕೆ ಮುಗಿಸ್ತಿಲ್ಲ ಅಂತ. ಬೇರೆ ಕಡೆ ಹೋಗಿ ಇಳೀಬೋದು ನಾನು, ತಂಗಿ ದಿನಾ ಕರೀತಾಳೆ. ಆದ್ರೆ ಅವರು ಬರೆದು ಮುಗಿಸಿದ್ರೆ ಅದೇ ಅವರು ಒಪ್ಪಿದಂಗೆ. ಒಪ್ಪದೆ ಇದ್ದಾಗ ಇಳಿದ್ರೆ ಅವರನ್ನ ಬಿಟ್ಟು ಹೋದಂಗಾಗ್ತೈತೆ. ಕಾಯ್ತೀನಿ ಬಿಡು."

ನಾನು ಆ ದಿನವೇ ಆರ್ಟಿಸ್ಟರಿಗೆ ಈ ಮಾತು ಹೇಳಬೇಕಿತ್ತು. ನಿಮ್ಮ ಹೆಂಡತಿಗೆ ಎಲ್ಲ ಗೊತ್ತು, ಗೊತ್ತಿದ್ದೂ ಕಾಯುತ್ತಿದ್ದಾಳೆ ಎಂದು ಹೇಳಿದ್ದರೆ ಅವರು ಮರುದಿನವೇ ಬಸ್ಸು ಹತ್ತುತ್ತಿದ್ದರೋ ಏನೋ. ಹೇಳಲಿಲ್ಲ. ಇಬ್ಬರ ನಡುವೆ ನಾನು ಯಾಕೆ ಎಂದುಕೊಂಡೆ. ಸುಳ್ಳು ಹೇಳುವಾಗ ನಡುವೆ ಹೋದವನಿಗೆ ನಿಜ ಹೇಳುವಾಗ ಮರ್ಯಾದೆ ಅಡ್ಡ ಬಂತು. ಇದನ್ನು ನೆನೆದಾಗಲೆಲ್ಲ ನನಗೆ ನನ್ನ ಮೇಲೆಯೇ ಅಸಹ್ಯವಾಗುತ್ತದೆ.

ಆ ಮಾತಾಗಿ ಎರಡು ತಿಂಗಳಿಗೆ ಅಕ್ಕನಿಗೆ ಜ್ವರ ಬಂತು. ಕೆಲಸ ಬಿಟ್ಟು ಎದ್ದ ದಿನ, "ಆ ಕುರಿ ಕಾಲು ಸರಿ ಆಯ್ತಾ ಕೇಳಣ್ಣ" ಎಂದು ನಗುತ್ತಲೇ ಹೋದರು. ನಾಲ್ಕನೆಯ ದಿನ ಬಳ್ಳಾರಿಗೆ ಕರೆದುಕೊಂಡು ಹೋದರು. ಆರನೆಯ ದಿನ ಅಕ್ಕ ಇರಲಿಲ್ಲ.

ದೀಕ್ಷೆ ಆಗಿರಲಿಲ್ಲವಾದ್ದರಿಂದ ಯಾವ ಮಣ್ಣು ಎಂಬ ಮಾತೇ ಬರಲಿಲ್ಲ. ಕೆರೆಯ ಹಿಂದೆ, ಅತ್ತೆ ಮಾವಂದಿರ ಕಾಲಬುಡದಲ್ಲಿ ಇಟ್ಟರು. ಮಡಕಶಿರಾದಿಂದ ಪಾಸ್ಟರು ಬಂದಿದ್ದರು. ಊರ ಹಿರಿಯರು ಶಾಸ್ತ್ರ ಮುಗಿಸುವವರೆಗೆ ದೂರದಲ್ಲಿ ಬೇಲಿಯ ಹೊರಗೆ ನಿಂತಿದ್ದು, ಆಮೇಲೆ ಅಲ್ಲೇ ಕಣ್ಣುಮುಚ್ಚಿ ಪ್ರಾರ್ಥನೆ ಮಾಡಿದರು. ಬೈಬಲ್ಲು ಕಂಕುಳಲ್ಲೇ ಇತ್ತು, ತೆರೆಯಲಿಲ್ಲ. ಅಕ್ಕನ ತಂಗಿ ಅತ್ತು ಅತ್ತು ಸುಸ್ತಾಗಿದ್ದಳು. ಹೊರಡುವಾಗ ಆರ್ಟಿಸ್ಟರ ಮುಂದೆ ನಿಂತು ಒಂದೇ ಮಾತು ಹೇಳಿದಳು. "ಮುಗಿಸ್ಬೇಕಿತ್ತು ಭಾವ."

ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಅವರು ಮಡಕಶಿರಾಕ್ಕೆ ಹೋದರು. ನನ್ನನ್ನು ಕರೆಯಲಿಲ್ಲ. ದಾರ ಮಾತ್ರ ಕೇಳಿ ಒಯ್ದರು. ಕೆಲಸ ಮುಗಿಸಿ ನಾಲ್ಕೇ ದಿನದಲ್ಲಿ ತಿರುಗಿ ಬಂದು, ಉಳಿದ ದಾರವನ್ನು ಉಂಡೆ ಮಾಡಿ ನನ್ನ ಮಿಷನ್ನಿನ ಮೇಲಿಟ್ಟರು. ಆಮೇಲೆ ಬ್ರಶ್ಶು ಮುಟ್ಟಲಿಲ್ಲ. ಎರಡು ಚರ್ಚಿನವರು ಬಂದು ಕೇಳಿದರು, ಕೈ ನಡುಗುತ್ತದೆ ಎಂದು ಕಳಿಸಿಬಿಟ್ಟರು. ನಡುಗುತ್ತಿರಲಿಲ್ಲ. ನನ್ನ ಅಂಗಡಿಯಲ್ಲಿ ಅಕ್ಕ ಕೂರುತ್ತಿದ್ದ ಜಾಗದಲ್ಲಿ ಕೂತು, ಅದೇ ಪುಟ್ಟ ಕತ್ತರಿಯಿಂದ ದಾರ ಕತ್ತರಿಸಿಕೊಡುತ್ತಿದ್ದರು. ಅಂಗಿಯ ಎಡತೋಳು ಯಾವಾಗಲೂ ಸ್ವಚ್ಛ. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಒಮ್ಮೆ ಪಾಸ್ಟರ ಹತ್ತಿರ, ಅವಳ ಬದಲಿಗೆ ನಾನು ಇಳಿಯಲೇ ಎಂದು ಕೇಳಿದ್ದರಂತೆ. ಒಬ್ಬರ ಬದಲಿಗೆ ಇನ್ನೊಬ್ಬರು ಇಳಿಯಲಿಕ್ಕೆ ಬರುವುದಿಲ್ಲ, ನಿಮಗಾಗಿ ಇಳಿಯುವುದಾದರೆ ಬನ್ನಿ ಎಂದು ಅವರು ಹೇಳಿದರಂತೆ. ಆ ಸಂಗತಿ ಹೇಳಿದ ದಿನವೇ ಇನ್ನೊಂದು ಮಾತನ್ನೂ ಹೇಳಿದರು. "ನಾ ಬೇಡಿದ್ದು ಸಿಕ್ತು ಮಾಸ್ತರ. ಅಕಿ ನಮ್ಮ ಮಣ್ಣಾಗೇ ಅದಾಳ. ಆದ್ರ ಕದ್ದ ಮಾಲು ಮನ್ಯಾಗ ಇಟ್ಕೊಂಡಂಗ ಆಗೈತ್ರಿ."

ಆಗಲಾದರೂ ನಾನು ಬಾಯಿ ಬಿಟ್ಟೆ. ಅಕ್ಕನಿಗೆ ಎಲ್ಲ ಗೊತ್ತಿತ್ತು, ನಿಮ್ಮ ಒಪ್ಪಿಗೆಗೇ ಕಾಯುತ್ತಿದ್ದರು ಎಂದು ಹೇಳಿದೆ. ಸಮಾಧಾನವಾಗಲಿ ಎಂದು ಹೇಳಿದ್ದು. ಅವರು ಕೈಯಲ್ಲಿದ್ದ ಪ್ಯಾಂಟನ್ನು ಮಡಚಿ ಇಟ್ಟು, "ಅದೂ ಗೊತ್ತಿತ್ರಿ ನನಗ" ಎಂದರು. ಗೊತ್ತಿದ್ದೂ ಕಾಯಿಸಿದರು ಎಂದರೆ ಅದಕ್ಕಿಂತ ನೋವಿನ ಮಾತು ಬೇರೆ ಯಾವುದಿದೆ? ಮುಂದೆ ನಾವಿಬ್ಬರೂ ಆ ವಿಷಯ ಎತ್ತಲಿಲ್ಲ.

ಮೂರು ವರ್ಷ ಹಾಗೇ ಬದುಕಿದರು. ಒಂದು ಬೆಳಿಗ್ಗೆ ಮಲಗಿದವರು ಏಳಲಿಲ್ಲ. ಕೆರೆಯ ಹಿಂದೆ ಅಕ್ಕನ ಪಕ್ಕದಲ್ಲೇ ಇಟ್ಟೆವು. ಮೊದಲೇ ಇಟ್ಟುಕೊಂಡ ಜಾಗ, ಸರಿಯಾಗಿ ಸಾಲಿತು.

ಇದಾದ ಮೇಲೆ ಮಡಕಶಿರಾದ ಪಾಸ್ಟರು ಫೋನು ಮಾಡಿದರು. ಚರ್ಚಿನವರ ರೂಢಿಯಂತೆ ತೆಲುಗಿನಲ್ಲಿ ವಂದನಾಲು ಹೇಳಿ, ಆರ್ಟಿಸ್ಟ್ ಅಣ್ಣನ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಿ, ಆಮೇಲೆ ಸಂಕೋಚದಿಂದ ವಿಷಯಕ್ಕೆ ಬಂದರು. ತೊಟ್ಟಿಯ ಗೆರೆಯಲ್ಲಿ ಒಂದು ತಪ್ಪು ಉಳಿದಿದೆ, ನೀರು ಹೊಳೆಗೆ ಕೂಡುತ್ತಿಲ್ಲ, ಅವರಿಗೆ ನೋವಾಗುತ್ತದೆಂದು ಇಷ್ಟು ದಿನ ಹೇಳಿರಲಿಲ್ಲ, ರಾಯದುರ್ಗದಲ್ಲಿ ಬೇರೆ ಯಾರಾದರೂ ಬರೆಯುವವರಿದ್ದರೆ ಕಳಿಸಿ, ಸ್ವಲ್ಪ ನೀಲಿ ತುಂಬಿಸಿದರೆ ಸಾಕು ಎಂದರು. ಆರ್ಟಿಸ್ಟರ ಗೆರೆ ತಪ್ಪುವುದೆಂದರೆ ನನಗ್ಯಾಕೋ ನಂಬಿಕೆ ಬರಲಿಲ್ಲ. ಕಣ್ಣಾರೆ ನೋಡೋಣ ಎಂದು ಮುಂದಿನ ಭಾನುವಾರ ನಾನೇ ಹೊರಟೆ.

ಆ ದಿನ ಅಮರಾಪುರದ ಕಡೆಯ, ಕುರಿ ಸಾಕುವ ಮನೆಯ ಒಬ್ಬ ಹೆಂಗಸಿನ ದೀಕ್ಷೆ ಇತ್ತು. ನಾನು ಅಕ್ಕನ ತಂಗಿಯ ಪಕ್ಕದಲ್ಲಿ ತೊಟ್ಟಿಗೆ ಹತ್ತಿರವೇ ನಿಂತೆ. ತಂಗಿಯ ತಲೆ ಹಣ್ಣಾಗಿತ್ತು. ಗೋಡೆಯ ಮೇಲಿನ ಹೊಳೆ ನೋಡಿದೆ. ನಮ್ಮ ಬೆಟ್ಟ, ನಮ್ಮ ಜಾಲಿ, ನೀರಿಗೆ ಬಾಯಿ ಹಾಕಿದ ಕರಿ ಕುರಿ. ಕುರಿಯ ನಾಲ್ಕು ಕಾಲೂ ಸರಿಯಾಗಿದ್ದವು. ಪಾಸ್ಟರು ಇಳಿದರು, ನೀರು ಒಂದು ಬೆರಳು ಏರಿತು. ಆ ಹೆಂಗಸು ಇಳಿದಳು, ಇನ್ನೊಂದು ಬೆರಳು ಏರಿತು. ಅಲ್ಲಿಗೆ ಹೊಳೆ ಕೂಡಬೇಕು, ಕೂಡಲಿಲ್ಲ. ನೀರಿಗೂ ಬಣ್ಣಕ್ಕೂ ನಡುವೆ ಒಂದು ಬೆರಳಗಲ ಬಿಳಿ ಗೋಡೆ, ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ ಉಳಿದಿತ್ತು. ಕೈ ತಪ್ಪಿದವನ ಗೆರೆ ಅಷ್ಟು ನೇರವಾಗಿರುವುದಿಲ್ಲ. ನಾನು ನಿಂತಿದ್ದ ಮೂಲೆಯಲ್ಲಿ ಬಗ್ಗಿ ನೋಡಿದೆ. ಅಂದು ನಾನು ಹಿಡಿದು ಬಿಟ್ಟ ದಾರದ ನೀಲಿ ಗುರುತು ನೀರಿನ ಮಟ್ಟಕ್ಕೆ ಸರಿಯಾಗಿ ಇನ್ನೂ ಮಸುಕಾಗಿ ಇತ್ತು. ಅಕ್ಕ ತೀರಿದ ಮೇಲೆ ಹೋದಾಗ ಅವರು ಆ ಗುರುತಿನ ಮೇಲಿನ ಒಂದು ಬೆರಳು ಹೊಳೆಯನ್ನು ಅಳಿಸಿ, ಹೊಸ ಗೆರೆ ಹೊಡೆದು ಅಲ್ಲಿಂದ ಮೇಲಕ್ಕೆ ಬರೆದಿದ್ದರು.

ಎಲ್ಲ ಮುಗಿದು, ಪಾಸ್ಟರು ಹೆಗಲ ಮೇಲೆ ಟವಲು ಹೊದ್ದು ನನ್ನ ಹತ್ತಿರ ಬಂದರು. ನೋಡಿದಿರಾ ಅಣ್ಣ ಎಂದರು. "ತಪ್ಪಲ್ರಿ ಅದು" ಎಂದೆ. "ಒಬ್ಬರಿಗೆ ಒಂದು ಬೆರಳು ನೀರು, ಅದು ಅವರ ಅಳತಿ. ಇಬ್ಬರಿಗೆ ಎರಡು ಬಿಡ್ತಿದ್ರು. ಇಲ್ಲಿ ಮೂರು ಬಿಟ್ಟಾರ."

ಪಾಸ್ಟರು ಗೋಡೆಯ ಕಡೆ ತಿರುಗಿ ನೋಡುತ್ತ ನಿಂತರು. ಆಮೇಲೆ ಟವಲಿನಿಂದ ಮುಖ ಒರೆಸಿಕೊಂಡು, ಬಣ್ಣದವರನ್ನು ಕಳಿಸಬೇಡಿ ಎಂದು ಮೆಲ್ಲಗೆ ಹೇಳಿದರು.

ಅಕ್ಕನ ತಂಗಿ ತೊಟ್ಟಿಯ ಅಂಚಿನಲ್ಲಿ ಕೂತು ಕೈ ಚಾಚಿದಳು. ಇಬ್ಬರೂ ಮೇಲೆ ಬಂದಿದ್ದರಿಂದ ನೀರು ಇಳಿದು ಬಿಳಿ ಗೋಡೆ ಮತ್ತೆ ಮೂರು ಬೆರಳಾಗಿತ್ತು. ಅದರ ಮೇಲೆ ತನ್ನ ಮೂರು ಬೆರಳು ಅಡ್ಡ ಇಟ್ಟಳು. ನೀರಿಗೆ ಹತ್ತಿದ ಬೆರಳನ್ನು ಅಲುಗಿಸಿ, "ಇದು ಪಾಸ್ಟರ್ ಅಯ್ಯಗಾರ್ದು" ಎಂದಳು. ಅದರ ಮೇಲಿನದನ್ನು ಅಲುಗಿಸಿ, "ಇದು ಇಳಿಯೋರ್ದು" ಎಂದಳು. ಮೂರನೆಯದು ಅಕ್ಕನ ಪಾಲಿನದು. ಅದನ್ನು ಗೋಡೆಗೆ ಒತ್ತಿ ಹಿಡಿದುಕೊಂಡು ಕೂತಳು.